ತಣ್ಣಗಿನ ಕೈ, ನಿಧಾನವಾದ ನರ: ನಾಗಪುರದ ಹಿನ್ನೆಲೆಯಲ್ಲಿ ನರವಹನ ಪರೀಕ್ಷೆ

ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ನಾಗಪುರದಲ್ಲಿ ರೋಗಿಯ ಕೈ ತಣ್ಣಗಿರುವುದು ನರವಹನ ಪರೀಕ್ಷೆಗೆ ತೊಡಕಾಗುತ್ತದೆ ಎಂದರೆ ನಗು ಬರಬಹುದು. ಆದರೆ ಎ.ಸಿ. ಕೋಣೆಯಲ್ಲಿ ಸರದಿ ಕಾದವರ ಬೆರಳು ಬೇಗನೆ ತಂಪೇರುತ್ತದೆ. ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವ ಚಳಿಗಾಲದ ಮಾತಂತೂ ಬೇಡವೇ ಬೇಡ. ಒಂದು ಡಿಗ್ರಿ ತಂಪಾದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಕುಗ್ಗುತ್ತದೆ. ಮುಂಗೈಯಲ್ಲಿ ಸಾಮಾನ್ಯವಾಗಿ 50 ಮೀಟರ್ ಮೀರುವ ವೇಗ ಹೀಗೆ ರೋಗವಿಲ್ಲದೆಯೂ ರೋಗದಂತೆ ತೋರಬಲ್ಲದು. ತಂಪಿನಲ್ಲಿ ವೇಗ ಕುಗ್ಗಿದರೂ ಯಂತ್ರದಲ್ಲಿ ಮೂಡುವ ಅಲೆಯ ಎತ್ತರ ಹೆಚ್ಚುತ್ತದೆ. ನರತಂತುಗಳೇ ನಾಶವಾಗಿದ್ದರೆ ಎತ್ತರ ಕುಸಿಯುತ್ತದೆ. ಅನುಭವಿ ತಂತ್ರಜ್ಞರು ಮೋಸಹೋಗದಿರುವುದು ಈ ವ್ಯತ್ಯಾಸದಿಂದ.

ಕಪ್ಪೆಯ ನರದಲ್ಲಿ ಈ ವೇಗವನ್ನು 1850ರಲ್ಲಿ ಅಳೆದವನು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್. ಇಂದಿನ ವಿಧಾನವೂ ಮೂಲದಲ್ಲಿ ಅದೇ: ಚರ್ಮಕ್ಕೆ ಲೋಹದ ಬಿಲ್ಲೆ ಅಂಟಿಸಿ, ನರದ ಮೇಲೆ ಕ್ಷಣಮಾತ್ರದ ವಿದ್ಯುತ್ ಕೊಟ್ಟು, ಅಲೆ ತಲುಪುವ ಹೊತ್ತನ್ನು ಎಣಿಸುವುದು. "ಕರೆಂಟು ಕೊಡುತ್ತಾರಂತೆ" ಎಂಬ ಭಯ ಸಹಜ. ಅನುಭವಕ್ಕೆ ಬರುವುದು ಚುರುಕು ತಟ್ಟಿದಂಥ ಜುಮ್ಮು. ಬೆರಳು ತಾನಾಗಿ ಅದುರುತ್ತದೆ. ಸೂಜಿಯಿಂದ ಸ್ನಾಯುವನ್ನು ಪರೀಕ್ಷಿಸುವುದು ಬೇರೆ ಹಂತ, ಅದು ನೋಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು. ಪರೀಕ್ಷೆಯ ದಿನ ಮೈಗೆ ಎಣ್ಣೆ, ಕ್ರೀಮು ಹಚ್ಚಬಾರದು.

ನಾಗಪುರವಿರುವ ವಿದರ್ಭದಲ್ಲಿ ತಂಪಿನ ಪ್ರಶ್ನೆಗೆ ಇನ್ನೊಂದು ಮುಖವಿದೆ: ಕುಷ್ಠರೋಗ. ಸಮಾಜಸೇವಕ ಬಾಬಾ ಆಮ್ಟೆ 1949ರಲ್ಲಿ ವರೋರಾದಲ್ಲಿ ಮಹಾರೋಗಿ ಸೇವಾ ಸಮಿತಿ ಸ್ಥಾಪಿಸಿದ್ದು ಕುಷ್ಠರೋಗಿಗಳಿಗಾಗಿ. ಆ ರೋಗದ ಕ್ರಿಮಿಗೆ ದೇಹದ ತಂಪು ಭಾಗಗಳೇ ಇಷ್ಟ. ಚರ್ಮಕ್ಕೆ ಹತ್ತಿರವಾಗಿ ಹಾಯುವ, ಮೊಣಕೈ ಬಳಿಯ ಅಲ್ನರ್ ನರ ಅದಕ್ಕೆ ಸುಲಭದ ಗುರಿ. ಆದ್ದರಿಂದ ಕಿರುಬೆರಳು ಮರಗಟ್ಟಿದೆ ಎಂದು ಬಂದವರಲ್ಲಿ ಮೊಣಕೈಯ ಮೇಲೂ ಕೆಳಗೂ ವೇಗವನ್ನು ಹೋಲಿಸಿ ನೋಡಬೇಕಾಗುತ್ತದೆ. ಒಂದೇ ಕಡೆ ಕುಸಿತವಿದ್ದರೆ ಅದು ಕೋಣೆಯ ತಂಪಿನ ಕೆಲಸವಲ್ಲ. ವೇಗ ಸರಿಯಿದ್ದ ಮಾತ್ರಕ್ಕೆ ನರ ಸರಿಯಿದೆ ಎನ್ನಲೂ ಆಗದು: ಬಿಸಿ, ನೋವು ತಿಳಿಸುವ ಸಣ್ಣ ತಂತುಗಳನ್ನು ಈ ಯಂತ್ರ ಕಾಣದು. ಚರ್ಮದಲ್ಲಿ ಮೂಡಿದ ಮಚ್ಚೆಯ ಮೇಲೆ ಸ್ಪರ್ಶ ತಿಳಿಯದಿದ್ದರೆ ವರದಿ 'ನಾರ್ಮಲ್' ಎಂದಿದ್ದರೂ ಮತ್ತೆ ವೈದ್ಯರನ್ನು ಕಾಣಬೇಕು.

ಪರೀಕ್ಷೆಗೆ ಮುನ್ನ ಕೈಕಾಲನ್ನು ಬೆಚ್ಚಗೆ ಮಾಡಿಸಿಕೊಳ್ಳಿ. ಕೈಯ ಚರ್ಮ ಕನಿಷ್ಠ 32 ಡಿಗ್ರಿ ಇರಲಿ. ಆ ಅಂಕಿ ವರದಿಯಲ್ಲಿ ಇಲ್ಲದಿದ್ದರೆ ಬರೆದುಕೊಡಲು ಕೇಳಿ.