ನೆಗೆಟಿವ್ ಎಲ್ಲಿಟ್ಟಿದ್ದೀರಿ?

ರೀಲಿನ ಕಾಲದಲ್ಲಿ ಜಯನಗರ, ಬನಶಂಕರಿಯ ಸ್ಟುಡಿಯೋಗಳಲ್ಲಿ ಗಿರಾಕಿಗೆ ಎದುರಾಗುತ್ತಿದ್ದದ್ದು ಒಂದೇ ಪ್ರಶ್ನೆ: ಪೋಸ್ಟ್‌ಕಾರ್ಡ್ ಸೈಜೋ, ಮ್ಯಾಕ್ಸಿಯೋ? ಯಾವುದನ್ನು ಹೇಳಿದರೂ ನಷ್ಟವಿರಲಿಲ್ಲ. ನೆಗೆಟಿವ್ ಕವರಿನಲ್ಲಿ ಭದ್ರವಾಗಿರುತ್ತಿತ್ತು. ದೊಡ್ಡದು ಬೇಕೆನಿಸಿದಾಗ ಮತ್ತೆ ಹೋದರಾಯಿತು. ಡಿಜಿಟಲ್ ಬಂದ ಮೇಲೆ ಪ್ರತಿ ಯಾವುದು, ಮೂಲ ಯಾವುದು ಎಂಬುದೇ ಕಲಸಿಹೋಯಿತು.

ಪ್ರತಿಗಳನ್ನು ಹಗುರವಾಗಿಸಲು ಡಿಜಿಟಲ್ ಚಿತ್ರವನ್ನು ಕುಗ್ಗಿಸುವ ವಿದ್ಯೆಗೆ ನಮ್ಮೂರಿನ ನಂಟಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್, ಕೆ.ಆರ್. ವೃತ್ತದ ಯುವಿಸಿಇಯಲ್ಲಿ 1961ರಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. ಕೊಸೈನ್ ರೂಪಾಂತರ ಎಂಬ ಗಣಿತ ವಿಧಾನದ ಅಧ್ಯಯನಕ್ಕೆಂದು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವು ಕೇಳಿದರು. ವಿಷಯ ತೀರಾ ಸರಳವೆಂದು ಕಂಡಿತೇನೋ, ಹಣ ಸಿಗಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆಗೂಡಿ ಅವರು ಬರೆದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. 1992ರ ಜೆಪೆಗ್ ಮಾನದಂಡ ನಿಂತಿರುವುದು ಅದರ ಮೇಲೆಯೇ.

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುತ್ತದೆ. ಲಾಲ್‌ಬಾಗಿನ ಬಂಡೆಯ ಫೋಟೊ ತೆಗೆದಿರೆನ್ನಿ. ಮೇಲಿನ ಆಕಾಶದ ಒಂದು ಚೌಕವನ್ನು ನಾಲ್ಕಾರು ಅಂಕಿಗಳಲ್ಲಿ ಹೇಳಿಬಿಡಬಹುದು. ಬಂಡೆಯ ತರಿಗೆ, ಮುಂದೆ ನಿಂತವರ ಸೀರೆಯ ಜರಿಗೆ ಅಂಕಿಗಳು ಹೆಚ್ಚು ಬೇಕು. ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮಗಳನ್ನು ಅದು ಮೊದಲು ಕೈಬಿಡುತ್ತದೆ. ಹಾಗಾಗಿ ಸುಮಾರು 36 ಎಂಬಿ ಆಗಬೇಕಿದ್ದ 12 ಮೆಗಾಪಿಕ್ಸೆಲ್ ಚಿತ್ರ ಮೂರ್ನಾಲ್ಕು ಎಂಬಿಯಲ್ಲಿ ಮುಗಿಯುತ್ತದೆ. ಸೇವ್ ಮಾಡುವಾಗ ಗುಣಮಟ್ಟವನ್ನು 100ಕ್ಕೆ ಇಡುವುದು ನನ್ನ ಮಟ್ಟಿಗೆ ಬರೀ ಜಂಬ. 90ರಲ್ಲಿ ವ್ಯತ್ಯಾಸ ಹುಡುಕಲು ಭೂತಗನ್ನಡಿ ಬೇಕು. ಆದರೆ ತಿದ್ದಿ ತಿದ್ದಿ ಸೇವ್ ಮಾಡಿದಂತೆಲ್ಲ ಜರಿ ಮಾಸುತ್ತದೆ. ಬರೀ ಕಾಪಿ ಮಾಡಿದರೆ ಏನೂ ಆಗದು.

ಇನ್ನು ಅಳತೆಯನ್ನು ನಾವು ಆರಿಸಿಕೊಂಡದ್ದಕ್ಕಿಂತ ಪಾತ್ರೆ ನಮಗಾಗಿ ಆರಿಸಿದ್ದೇ ಹೆಚ್ಚು. 1.44 ಎಂಬಿಯ ಫ್ಲಾಪಿ, ಮದುವೆ ಮುಗಿದ ಮೇಲೆ ಸ್ಟುಡಿಯೋದವರು ಕೊಡುತ್ತಿದ್ದ 700 ಎಂಬಿಯ ಸಿಡಿ, ಆಮೇಲೆ 4.7 ಜಿಬಿಯ ಡಿವಿಡಿ. ಮೊದಮೊದಲ ಕ್ಯಾಮೆರಾ ಫೋನುಗಳದ್ದು 640×480 ಪಿಕ್ಸೆಲ್. 2015ರಲ್ಲಿ ಗೂಗಲ್ ಫೋಟೋಸ್ 16 ಮೆಗಾಪಿಕ್ಸೆಲ್‌ವರೆಗೆ ಕುಗ್ಗಿಸಿದ ಚಿತ್ರಗಳಿಗೆ ಮಿತಿಯಿಲ್ಲದ ಪುಕ್ಕಟೆ ಜಾಗ ಕೊಟ್ಟಾಗ ಅಳತೆಯ ಚಿಂತೆಯನ್ನೇ ಬಿಟ್ಟೆವು. 2021ರ ಜೂನ್ 1ರಿಂದ ಹೊಸದಾಗಿ ಏರಿಸಿದ್ದೆಲ್ಲವೂ 15 ಜಿಬಿಯ ಲೆಕ್ಕಕ್ಕೆ ಸೇರತೊಡಗಿದಾಗ ಮತ್ತೆ ನೆನಪಾಯಿತು. ಐಫೋನುಗಳು 2017ರಿಂದ ಬಳಸುತ್ತಿರುವ ಹೆಯಿಕ್ (HEIC) ಮಾದರಿ ಹೆಚ್ಚುಕಡಿಮೆ ಅರ್ಧ ಜಾಗದಲ್ಲೇ ಅಷ್ಟೇ ಚಂದದ ಚಿತ್ರ ಇಡುತ್ತದೆ. ಎಲ್ಲ ಕಂಪ್ಯೂಟರಿನಲ್ಲೂ ತೆರೆಯುವುದಿಲ್ಲ, ಅಷ್ಟೇ.

ಬಿಟಿಎಂ ಲೇಔಟಿನ ಸೈಬರ್ ಸೆಂಟರಿಗೆ ಹೋದರೆ ಲೆಕ್ಕ ತಲೆಕೆಳಗು. ನೇಮಕಾತಿ ಅರ್ಜಿಗೆ ಫೋಟೊ 50 ಕೆಬಿ ದಾಟಬಾರದು. ಅಲ್ಲಿಯ ಹುಡುಗರು ಕಣ್ಣುಮುಚ್ಚಿ ಕುಗ್ಗಿಸಿ ಕೊಡುತ್ತಾರೆ. ಅದು ಸರಿಯೇ. ತಪ್ಪಾಗುವುದು ಆ ಕುಗ್ಗಿದ ಪ್ರತಿಯನ್ನಿಟ್ಟುಕೊಂಡು ಮೂಲವನ್ನು ಅಳಿಸಿದಾಗ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಎಂಬುದು ವಾಡಿಕೆ. 4×6ರ ಮ್ಯಾಕ್ಸಿಗೆ 1200×1800 ಸಾಕು. 12×18ಕ್ಕೆ 3600×5400 ಬೇಕು. ಫ್ಯಾಮಿಲಿ ಗ್ರೂಪಿನಲ್ಲಿ ಹರಿದು ಬಂದ, ಉದ್ದಕ್ಕೆ 1600 ಪಿಕ್ಸೆಲ್ಲಿನ ಫೋಟೊ ಐದು ಇಂಚು ಚಿಲ್ಲರೆಗೇ ಸುಸ್ತಾಗುತ್ತದೆ.

ನಮ್ಮ ತಾತನ ಫೋಟೊಗೆ ಕಟ್ಟು ಹಾಕಿಸಲು ಗ್ರೂಪಿನಿಂದ ಇಳಿಸಿಕೊಂಡದ್ದನ್ನು ಜೆ.ಪಿ. ನಗರದ ಸ್ಟುಡಿಯೋಗೆ ಒಯ್ದೆ. ಪರದೆಯ ಮೇಲೆ ಹಿಗ್ಗಿಸಿ ನೋಡಿದವರು, 'ಒರಿಜಿನಲ್ ಇಲ್ವಾ ಸಾರ್?' ಎಂದರು. ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಕವರು ಸಿಕ್ಕಿತು. 36 ಮಿಲಿಮೀಟರ್ ಉದ್ದದ ಆ ನೆಗೆಟಿವನ್ನು 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದಾಗ 3400 ಪಿಕ್ಸೆಲ್ ಉದ್ದ ಬಂತು. ತಾತನ ಕೋಟಿನ ಗುಂಡಿಯ ನಾಲ್ಕು ತೂತುಗಳೂ ಕಂಡವು.