ಆಯಿ ಸೀರಿ, ನಮ್ಮ ಕೌದಿ

ಕೌದಿ ಅಂದ್ರ ಬಡವರ ಹಾಸಿಗಿ ಅಂತ ಭಾಳ ಮಂದಿ ತಿಳಕೊಂಡಾರ. ಹಳೇ ಸೀರಿ, ಹರದ ಧೋತರ, ಅಂಗಿ ತುಂಡು ಕೂಡಿಸಿ ಹೊಲಿದ್ರ ಕೌದಿ ಆತು, ಅದರಾಗೇನು ಇತಿಹಾಸ ಅಂತ ಕೇಳಬಹುದು. ಹೋದ ವರ್ಷ ನಮ್ಮ ಆಯಿ ತೀರಿಕೊಂಡ ಮ್ಯಾಲ ಆಕಿ ಟ್ರಂಕಿನಾಗ ಹನ್ನೊಂದು ಸೀರಿ ಉಳಿದ್ವು. ಅವನ್ನ ಏನು ಮಾಡಬೇಕು ಅನ್ನೋ ಮಾತಿನಾಗ ಮನ್ಯಾಗ ಎರಡು ಪಂಗಡ ಆದ್ವು. ಅದರ ಸಲುವಾಗಿ ನಾನು ಕೌದಿ ಬಗ್ಗೆ ಓದಲಿಕ್ಕೆ, ಹಿರೇರನ್ನ ಕೇಳಲಿಕ್ಕೆ ಸುರು ಮಾಡಿದೆ.

ನಮ್ಮ ಚಿಗವ್ವ ಹೇಳಿದ್ದು, "ಸತ್ತವರ ಅರಿವಿ ಮನ್ಯಾಗ ಇಟ್ಕೋಬಾರದು, ಯಾರಿಗರೆ ಕೊಟ್ಟುಬಿಡ್ರಿ" ಅಂತ. ನಮ್ಮವ್ವ ಏನೂ ಅನಲಿಲ್ಲ. ಆಕಿ ತಾಯಿ ಹೋದ ದಿನದಿಂದ ಮಾತೇ ಕಡಿಮಿ ಮಾಡಿದ್ಲು. ಊಟಕ್ಕ ಕರದ್ರ ಬರೂದು, ಉಂಡು ಎದ್ದು ಹೋಗೂದು. ರಾತ್ರಿ ನಿದ್ದಿ ಇಲ್ಲ. ತೊಂಬತ್ತು ದಾಟಿದ ಜೀವ, ಪುಣ್ಯಾತಗಿತ್ತಿ ನರಳದ ಹೋದ್ಲು ಅಂತ ಬಂದವರೆಲ್ಲ ಹೇಳೋರು. ವಯಸ್ಸಾಗಿತ್ತು ಅಂದ್ರ ದುಃಖ ಸಣ್ಣದಾಗತದೇನು? ನನ್ನನ್ನ ತೊಡಿ ಮ್ಯಾಲ ಹಾಕ್ಕೊಂಡು ಬೆಳಿಸಿದಾಕಿ ಆಯಿ. ನನಗೂ ಆ ಟ್ರಂಕು ತಗದ್ರ ಎದಿ ಹಿಡದಂಗ ಆಗ್ತಿತ್ತು.

ಸತ್ತವರ ಅರಿವಿ ಅನ್ನೋ ಮಾತು ತಗೊಂಡು ನೋಡ್ರಿ. ಸಂಸ್ಕೃತದಾಗ 'ಕಂಥಾ' ಅಂದ್ರ ತೇಪಿ ಹಚ್ಚಿ ಹೊಲಿದ ಬಟ್ಟಿ. ಬಂಗಾಲದ ಹೆಣ್ಣಮಕ್ಕಳು ಹಳೇ ಸೀರಿ ಪದರ ಮಾಡಿ ಹೊಲಿಯೋ ಹೊದಿಕಿಗೆ ಇವತ್ತಿಗೂ 'ಕಾಂಥಾ' ಅಂತಾರ. ನಮ್ಮ ಕನ್ನಡದಾಗ ಅದು 'ಕಂತೆ' ಆತು. ಬುದ್ಧನ ಕಾಲದ ಭಿಕ್ಷುಗಳು ತಿಪ್ಪಿ ಮ್ಯಾಲ ಒಗದ ಅರಿವಿ, ಸುಡುಗಾಡಿನಾಗ ಬಿಟ್ಟ ಅರಿವಿ ಆರಿಸಿ ತಂದು, ತೊಳದು, ತುಂಡು ಕೂಡಿಸಿ ಹೊಲಕೊಂಡು ಉಡ್ತಿದ್ರು. ಮಗಧ ದೇಶದ ಗದ್ದಿ ಬದುವಿನ ಹಂಗ ಆ ತುಂಡು ಜೋಡಿಸಲಿಕ್ಕೆ ಬುದ್ಧ ಆನಂದಗ ಹೇಳಿದ ಅಂತ ವಿನಯ ಪಿಟಕದಾಗ ಅದ. ಅಂದ್ರ ಸತ್ತವರ ಅರಿವಿ ಮುಟ್ಟಿದ್ರ ಮೈಲಿಗಿ ಅನ್ನೋ ಮಾತು ಎಷ್ಟು ಹಳೇದೋ, ಅದನ್ನ ತೊಳದು ಹೊಲದು ಹೊದಿಯೋ ರೂಢಿನೂ ಅಷ್ಟ ಹಳೇದು.

ನಮ್ಮ ಕಡೆ ಕೌದಿ ಹೊಲಿಯೋದು ಎರಡು ಥರ ನಡದು ಬಂದದ. ಮನಿ ಹೆಣ್ಣಮಕ್ಕಳು ಸುಗ್ಗಿ ಕೆಲಸ ಮುಗದ ಮ್ಯಾಲ ಬಿಡುವಿನಾಗ ಹೊಲಿಯೋದು ಒಂದು. ಗೊಂದಲಿಗರ ಹೆಣ್ಣಮಕ್ಕಳು ಊರೂರು ತಿರುಗಿ, ಕಟ್ಟಿ ಮ್ಯಾಲ ಕುಂತು ಹೊಲದು ಕೊಟ್ಟು, ಜೋಳ, ಕಾಳು, ರೊಕ್ಕ ತಗೊಂಡು ಹೋಗೋದು ಇನ್ನೊಂದು. ಅವರ ಗಂಡಸರು ದೇವಿ ಗೊಂದಲ ಹಾಕಿದ್ರ, ಹೆಂಗಸರ ಕೈಯಾಗ ಸೂಜಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಜನರದು ಮತ್ತೊಂದು ಚೆಂದದ ಪದ್ಧತಿ. ಪೋರ್ತುಗೀಸರು ಆಫ್ರಿಕಾದಿಂದ ಗೋವಾಕ್ಕ ಗುಲಾಮರನ್ನಾಗಿ ತಂದ ಜನರ ವಂಶದವರು ಇವರಾಗ ಭಾಳ ಮಂದಿ. ತಪ್ಪಿಸಿಕೊಂಡು ಘಟ್ಟದ ಅಡವಿ ಸೇರಿದ್ರು. 2003ರಾಗ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕ ಸೇರಿದ್ರು. ಅವರ ಕೌದಿಗೆ 'ಕವಂದಿ' ಅಂತಾರ. ಮೂಲಿಯಿಂದ ಸುರು ಮಾಡಿ ಅಂಚಿನ ಗುಂಟ ಸುತ್ತಿ ಸುತ್ತಿ ನಡುವಿನ ತನಕ ಹೊಲದು ಬರ್ತಾರ. ಕಡೀಕ ನಾಕೂ ಮೂಲಿಗೆ ಬಟ್ಟಿ ಮಡಚಿ 'ಫುಲಾ' ಅಂದ್ರ ಹೂ ಇಡ್ತಾರ. ಫುಲಾ ಇಲ್ಲದ ಕವಂದಿ ಬೆತ್ತಲ ಇದ್ದಂಗ ಅಂತ ಅವರ ಮಾತು.

ದುಃಖಕ್ಕೂ ಹೊಲಿಗಿಗೂ ಇರೋ ನಂಟು ನಮ್ಮ ದೇಶದಾಗಷ್ಟ ಅಲ್ಲ. ಅಮೇರಿಕಾದ ಕೆಂಟಕಿಯೊಳಗ ಎಲಿಜಬೆತ್ ರೋಸ್‌ಬೆರಿ ಮಿಚೆಲ್ ಅನ್ನೋ ತಾಯಿ ಮಕ್ಕಳನ್ನ ಕಳಕೊಂಡು, 1843ರ ಸುಮಾರಿಗೆ ಒಂದು ಕೌದಿ ಹೊಲದ್ಲು. ನಡುವ ಬೇಲಿ ಹಾಕಿದ ಮಸಣ, ಅಂಚಿನಾಗ ಮನಿ ಮಂದಿ ಹೆಸರಿನ ಸಣ್ಣ ಶವಪೆಟ್ಟಿಗಿ ತುಂಡು. ಯಾರು ಹೋದರೋ ಅವರ ತುಂಡು ಬಿಚ್ಚಿ ನಡುವ ಹಚ್ಚೋದು. ಕೇಳಿದ್ರ ಮೈ ಜುಮ್ ಅಂತದ, ಆದ್ರ ಆಕಿ ಕೈಗೆ ಬ್ಯಾರೆ ಏನು ಮಾಡಲಿಕ್ಕೆ ಇತ್ತು? 1987ರ ಅಕ್ಟೋಬರದಾಗ ವಾಷಿಂಗ್ಟನ್ ಬಯಲಿನಾಗ ಏಡ್ಸ್‌ನಿಂದ ತೀರಿಕೊಂಡವರ ಹೆಸರಿನ 1,920 ತುಂಡಿನ ದೊಡ್ಡ ಕೌದಿ ಹಾಸಿದ್ರು. ಒಂದೊಂದು ತುಂಡು ಮೂರು ಫೂಟ ಅಗಲ, ಆರು ಫೂಟ ಉದ್ದ, ಒಂದು ಗೋರಿ ಅಳತಿ. ಮಂದಿ ಹೆದರಿ ಹತ್ತಿರ ಬಾರದ ಕಾಲದಾಗ ಅವರ ಗೆಳ್ಯಾರು, ಅವ್ವಂದಿರು ಕುಂತು ಹೊಲದದ್ದು ಅದು.

ಇದನ್ನೆಲ್ಲ ನಾನು ಚಿಗವ್ವಗ ಹೇಳಿದೆ. ಆಕಿ ಸುಮ್ಮನ ಕೇಳಿ, "ಹಂಗಾರ ಆರು ಸೀರಿ ದಾನ ಕೊಡೋಣ, ಐದು ನೀವು ಇಟ್ಕೋರಿ" ಅಂದ್ಲು. ಅಲ್ಲಿಗೆ ಜಗಳ ಹರೀತು.

ನಮ್ಮ ಓಣ್ಯಾಗಿನ ಎದುರಮನಿ ಕಾಕು, ಮೂಲಿಮನಿ ವೈನಿ, ಹಿಂದಿನ ಮನಿ ಟೀಚರಬಾಯಿ, ನಾನು, ನಾಕು ಮಂದಿ ಮಧ್ಯಾಹ್ನ ಭಾಂಡಿ ತಿಕ್ಕಿಟ್ಟು ನಮ್ಮ ಪಡಸಾಲ್ಯಾಗ ಕೂಡ್ತಿದ್ವಿ. ಕೆಳಗ ಒಂದು ಅಖಂಡ ಸೀರಿ ಹಾಸಿ, ಮೂಲಿಗೆ ಕಲ್ಲಿಟ್ಟು, ಅದರ ಮ್ಯಾಲ ಪದರ ಪದರ ಹಾಸಿ, ಮೊದಲ ದೊಡ್ಡ ಹೊಲಿಗಿ ಹಾಕಿ ಅಲುಗದಂಗ ಮಾಡಿದ್ವಿ. ಆಮ್ಯಾಲ ದಪ್ಪ ದಾರದ ಸಾಲು ಹೊಲಿಗಿ. ನೂರಾರು ಸಲ ಒಗದ ಹತ್ತಿ ಸೀರಿ ಮೆತ್ತಗಾಗಿರತದ, ಪದರದ ನಡುವ ಗಾಳಿ ನಿಂತು ಚಳಿ ತಡಿತದ. ಅದಕ್ಕ ಹೊಸಾ ಬಟ್ಟಿಗಿಂತ ಹಳೇದ ಛಲೋ.

ಕಷ್ಟ ಬಂದದ್ದು ಇಳಕಲ್ ಸೀರಿಗೆ. ಇಳಕಲ್ ಸೀರ್ಯಾಗ ಮೈ ನೂಲು ಬ್ಯಾರೆ, ಸೆರಗಿನ ನೂಲು ಬ್ಯಾರೆ. ಎರಡಕ್ಕೂ ಕೊಂಡಿ ಹಾಕಿ ಜೋಡಿಸಿ ನೇಯ್ತಾರ. ಕತ್ತರಿ ಹಾಕಲಿಕ್ಕೆ ಯಾರ ಕೈಯೂ ಏಳಲಿಲ್ಲ. ಅಷ್ಟರಾಗ ಒಳಗಿಂದ ನಮ್ಮವ್ವ ಎದ್ದು ಬಂದ್ಲು. "ಸೆರಗು ಕತ್ತರಿಸಬ್ಯಾಡ್ರಿ, ನಡುವ ಅಖಂಡ ಹಚ್ಚರಿ. ಆ ಸೆರಗಿನಾಗ ನನ್ನ ಕಣ್ಣೀರು ಎಷ್ಟು ಒರಸ್ಯಾಳ" ಅಂದು ತಾನ ಕತ್ತರಿ ತಗೊಂಡು ಮೈ ಭಾಗ ಬ್ಯಾರೆ ಮಾಡಿದ್ಲು. ಆಮ್ಯಾಲ ಅಲ್ಲೇ ಕುಂತ್ಲು. ಮರದಿನಾನೂ ಬಂದ್ಲು.

ಹೊಲಿಯೋ ಮುಂದ ಕಣ್ಣು ಕೆಳಗ ಇರತಾವ. ಯಾರೂ ಯಾರ ಮಾರಿ ನೋಡೋದಿಲ್ಲ. ಅದಕ್ಕ ಮಾತು ಹಗೂರಕ ಬರತಾವ. ಅವ್ವ ತನ್ನ ತಾಯಿ ಬರಗಾಲದಾಗ ಹೆಂಗ ಮನಿ ನಡಸಿದ್ಲು ಅಂತ ಹೇಳಿದ್ಲು. ಕಾಕು ತನ್ನ ಗಂಡನ್ನ ನೆನಿಸಿದ್ರು. ವೈನಿ ಹುಟ್ಟಿದ ಎಂಟು ದಿನಕ್ಕ ಹೋದ ಕೂಸಿನ ಸುದ್ದಿ ತಗದ್ಲು, ಇಪ್ಪತ್ತು ವರ್ಷ ಬಾಜೂಕ ಇದ್ರೂ ನಮಗ ಗೊತ್ತಿರಲಿಲ್ಲ. ಅತ್ವಿ, ನಕ್ವಿ, ಸೂಜಿಗೆ ದಾರ ಪೋಣಸಿದ್ವಿ. ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ, ಆದ್ರ ಎಲ್ಲಾರಿಗೂ ಸಮಾಧಾನ ಆತು.

ಒಂದು ತಿಂಗಳ ಮ್ಯಾಲ ಕೌದಿ ಮುಗೀತು. ಕಡೀ ಹೊಲಿಗಿ ದಿವಸ ಹೋಳಿಗಿ ಮಾಡಿ, ಮೂವರಿಗೂ ಎಲಿ ಅಡಕಿ ಕೊಟ್ಟು ಕಳಿಸಿದ್ವಿ. ಈಗ ಅದನ್ನ ಅವ್ವ ಹೊದಕೋತಾಳ, ನಡುರಾತ್ರಿ ಏಳೋದು ಕಡಿಮಿ ಆಗೇದ.

ನಿಮ್ಮ ಮನ್ಯಾಗೂ ಹಿರೇರ ಟ್ರಂಕು ಇದ್ರ ಅವಸರ ಮಾಡಿ ಎಲ್ಲಾ ಕೊಟ್ಟು ಬಿಡಬ್ಯಾಡ್ರಿ. ಎರಡು ಹತ್ತಿ ಸೀರಿ ಇಟ್ಟುಕೋರಿ, ಓಣ್ಯಾಗಿನವರನ್ನ ಕರೀರಿ. ಯಾವ ತುಂಡು ಯಾರದು ಅಂತ ಮಕ್ಕಳಿಗೆ ಹೇಳಿಡ್ರಿ. ಮಹಾನವಮಿಗೆ ಹಾಸಿಗಿ ಒಗಿಯೋ ಮುಂದ ಕೌದಿ ಬಡದು ಒಗಿಬ್ಯಾಡ್ರಿ, ನೆನಿಸಿ ತುಳದು ನೆರಳಿನಾಗ ಒಣಗಿಸ್ರಿ. ಹೊಲಿಗಿ ಬಿಚ್ಚಿದ್ರ ಮತ್ತ ಕೂಡಿ ಹಾಕರಿ, ಮತ್ತೊಂದು ಮಧ್ಯಾಹ್ನ ಮಾತಾಡಲಿಕ್ಕೆ ಸಿಗತದ.