ಹಿಂಬದಿ ಶಾಕ್ ಅಬ್ಸಾರ್ಬರ್ (ಮೋಟಾರ್‌ಸೈಕಲ್)

ಹಿಂಬದಿ ಶಾಕ್ ಅಬ್ಸಾರ್ಬರ್ ಎಂಬುದು ಮೋಟಾರ್‌ಸೈಕಲ್ಲಿನ ಚೌಕಟ್ಟು ಹಾಗೂ ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ಗಳ ನಡುವೆ ಜೋಡಿಸುವ ಸಾಧನ. ಇದರ ಸ್ಪ್ರಿಂಗ್ ಭಾರವನ್ನು ಹೊರುತ್ತದೆ. ಎಣ್ಣೆ ತುಂಬಿದ ಡ್ಯಾಂಪರ್ ಸ್ಪ್ರಿಂಗಿನ ಪುಟಿತವನ್ನು ತಗ್ಗಿಸುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಬೈಕುಗಳಲ್ಲಿ ಎರಡು ಪಕ್ಕಗಳಲ್ಲೂ ಒಂದೊಂದು ಶಾಕ್ ಅಬ್ಸಾರ್ಬರ್ ಇರುತ್ತದೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದುದರಿಂದ ದೂರ ಪ್ರಯಾಣಕ್ಕೆ ಇಂದಿಗೂ ಬಳಸುವ ಇಂತಹ ಹಳೆಯ ಬೈಕುಗಳಿಗೆ ಬದಲಿ ಭಾಗವನ್ನು ಅಳತೆ ನೋಡಿ ಆರಿಸಬೇಕಾಗುತ್ತದೆ.

ಸವೆತದ ಲಕ್ಷಣಗಳು

ದಂಡದ ಮೇಲೆ ಎಣ್ಣೆ ಜಿನುಗುವುದು, ಉಬ್ಬು ದಾಟಿದ ಮೇಲೂ ಹಿಂಭಾಗ ಕುಣಿಯುವುದು ಮತ್ತು ತಿರುವಿನಲ್ಲಿ ಓಲಾಡುವುದು ಮುಖ್ಯ ಲಕ್ಷಣಗಳು. ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿಯಂತಹ ಕಡೆ ಎಣ್ಣೆ ಕಾದು ತೆಳುವಾಗುವುದರಿಂದ, ಸವೆದ ಡ್ಯಾಂಪರಿನ ಹಿಡಿತ ಇನ್ನಷ್ಟು ಕುಗ್ಗುತ್ತದೆ.

ಆಯ್ಕೆಯ ಅಂಶಗಳು

• ಉದ್ದ: ಮೇಲಿನ ಮತ್ತು ಕೆಳಗಿನ ಬೋಲ್ಟ್ ರಂಧ್ರಗಳ ನಡುಬಿಂದುಗಳ ಅಂತರ ಮೂಲ ಅಳತೆಗೆ ಸಮನಾಗಿರಬೇಕು. ಹೆಚ್ಚಾದರೆ ಹಿಂಭಾಗ ಎದ್ದು ಹ್ಯಾಂಡಲ್ಲಿನ ಸ್ಥಿರತೆ ತಗ್ಗುತ್ತದೆ. ಕಡಿಮೆಯಾದರೆ ಸೈಲೆನ್ಸರ್ ಅಥವಾ ಸ್ಟ್ಯಾಂಡ್ ನೆಲಕ್ಕೆ ತಾಗಬಹುದು.
• ಬುಷ್: ಒಳವ್ಯಾಸ ಮತ್ತು ಅಗಲ ಬೋಲ್ಟಿಗೆ ಹೊಂದಬೇಕು.
• ಸ್ಪ್ರಿಂಗ್: ಸವಾರರ ತೂಕ ಹಾಗೂ ಸಾಮಾನಿನ ಭಾರವನ್ನು ಕೂಡಿ ಆರಿಸಬೇಕು. ಸವಾರ ಕುಳಿತಾಗ ಒಟ್ಟು ಚಲನೆಯ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಕುಸಿಯುವುದು ಸೂಕ್ತ. ಅತಿ ಬಿರುಸಾದ ಸ್ಪ್ರಿಂಗ್ ಗುಂಡಿಗಳ ಪೆಟ್ಟನ್ನು ನೇರವಾಗಿ ಬೆನ್ನಿಗೆ ದಾಟಿಸುತ್ತದೆ. ಸ್ಪ್ರಿಂಗಿನ ಬುಡದ ಹೊಂದಾಣಿಕೆ ಬಳೆಯನ್ನು ತಿರುಗಿಸಿದರೆ ಬೈಕಿನ ಎತ್ತರ ಬದಲಾಗುತ್ತದೆಯೇ ಹೊರತು ಸ್ಪ್ರಿಂಗಿನ ಬಿರುಸಲ್ಲ.

ಅಳವಡಿಕೆ

ಒಂದೇ ಪಕ್ಕವನ್ನು ಬದಲಿಸಿದರೆ ಸ್ವಿಂಗ್ ಆರ್ಮ್ ಮೇಲೆ ಅಸಮ ಒತ್ತಡ ಬೀಳುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸಲಾಗುತ್ತದೆ. ನಂತರ ಚೈನಿನ ಬಿಗಿತವನ್ನು ಮತ್ತೆ ಪರೀಕ್ಷಿಸಬೇಕು.